ಕರಾಜಿನ್ ಬೇಡಿ ಕಟ್ಟಿದ ವಿಶ್ವವಿದ್ಯಾಲಯ

ಖಾರ್ಕಿವ್ ಎಂಬ ಹೆಸರು ನಮ್ಮ ಮನೆಮನೆಯಲ್ಲೂ ಕೇಳಿಬಂದದ್ದು 2022ರಲ್ಲಿ, ಅಲ್ಲಿ ವೈದ್ಯಕೀಯ ಓದಲು ಹೋಗಿದ್ದ ಕರ್ನಾಟಕದ ಮಕ್ಕಳು ಯುದ್ಧದ ನಡುವೆ ಸಿಕ್ಕಿಕೊಂಡಾಗ. ಉಕ್ರೇನಿನ ಈಶಾನ್ಯದ ಆ ಊರಿಗೆ ವಿಶ್ವವಿದ್ಯಾಲಯ ಬಂದದ್ದು ಒಬ್ಬ ಮನುಷ್ಯನ ಹಟದಿಂದ.

ಆತ ವಸಿಲ್ ಕರಾಜಿನ್, ಆ ಸೀಮೆಯ ಕ್ರುಚಿಕ್ ಹಳ್ಳಿಯವರು. 1802ರಲ್ಲಿ ಜಮೀನ್ದಾರರ ಸಭೆಯ ಮುಂದೆ ನಿಂತು, ನಮಗೊಂದು ವಿಶ್ವವಿದ್ಯಾಲಯ ಬೇಕು ಎಂದು ಬೇಡಿದರು. 4 ಲಕ್ಷ ರೂಬಲ್ ಕೊಡುತ್ತೇವೆಂಬ ಮಾತು ಪಡೆದೇ ಹೊರಟರು. ರಷ್ಯಾದ ದೊರೆ ಒಂದನೇ ಅಲೆಕ್ಸಾಂಡರ್ 1804ರ ನವೆಂಬರಿನಲ್ಲಿ ಅಪ್ಪಣೆ ಕೊಟ್ಟ. 1805ರ ಜನವರಿಯಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಕರಾಜಿನ್ ಸರ್ಕಾರಿ ಹುದ್ದೆಯಲ್ಲಿ ಉಳಿದಿರಲಿಲ್ಲ. ಮುಂದೆ ಅದೇ ದೊರೆಯ ಕಾಲದಲ್ಲಿ ಶ್ಲಿಸೆಲ್ಬುರ್ಗ್ ಕೋಟೆಯ ಸೆರೆಯನ್ನೂ ಕಂಡರು.

ದೊರೆ ಕೊಟ್ಟ ವಿದ್ಯಾಲಯವಾದರೂ ಅದು ಬೇಗನೆ ಊರಿನದಾಯಿತು. 1816ರಲ್ಲೇ ‘ಉಕ್ರೇನ್ಸ್ಕಿ ವೆಸ್ತ್ನಿಕ್’ ಪತ್ರಿಕೆ ಇಲ್ಲಿಂದ ಹೊರಟಿತು. ಹಳ್ಳಿಗರ ಆಡುನುಡಿ ಎಂದು ಸಾಮ್ರಾಜ್ಯ ಬದಿಗಿಟ್ಟಿದ್ದ ಉಕ್ರೇನಿಯನ್ ಭಾಷೆಯಲ್ಲಿ ಕಾವ್ಯ ಬರೆದ ಪೆಟ್ರೊ ಹುಲಾಕ್-ಅರ್ತೆಮೋವ್ಸ್ಕಿ ಇಲ್ಲಿಯ ಕುಲಪತಿಯೂ ಆದರು. ನನಗೆ ಈ ವಿದ್ಯಾಲಯದ ಮೇಲೆ ಪ್ರೀತಿ ಹುಟ್ಟಿದ್ದು ಈ ಕಾರಣಕ್ಕೆ. ವಿಜ್ಞಾನದ ಕೀರ್ತಿ ಆಮೇಲಿನದು. ಇಲ್ಯಾ ಮೆಚ್ನಿಕೋವ್ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದ್ದು ಇಲ್ಲಿ. ರೋಗನಿರೋಧಕ ಶಕ್ತಿಯ ಸಂಶೋಧನೆಗೆ 1908ರಲ್ಲಿ ಅವರಿಗೆ ನೊಬೆಲ್ ಬಂತು. ಗಣಿತಜ್ಞ ಲ್ಯಾಪುನೋವ್ 1885ರಿಂದ 1902ರವರೆಗೆ ಇಲ್ಲಿ ಪಾಠ ಹೇಳಿದರು. 1930ರ ದಶಕದಲ್ಲಿ ಲೆವ್ ಲಂಡಾವ್ ಭೌತಶಾಸ್ತ್ರ ಕಲಿಸಿದರು.

1920ರಲ್ಲಿ ಸೋವಿಯತ್ ಆಡಳಿತ ವಿಶ್ವವಿದ್ಯಾಲಯವನ್ನೇ ಒಡೆದು ಬೇರೆಬೇರೆ ಸಂಸ್ಥೆಗಳನ್ನಾಗಿ ಹಂಚಿತು. ವೈದ್ಯ ವಿಭಾಗ ಕವಲೊಡೆದದ್ದು ಆಗಲೇ. ಹದಿಮೂರು ವರ್ಷಗಳ ನಂತರ, 1933ರಲ್ಲಿ, ಮತ್ತೆ ಕೂಡಿಸಿದರು. ಎರಡನೇ ಮಹಾಯುದ್ಧದಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಕಜಕಸ್ತಾನದ ಕಿಝಿಲೊರ್ದಾಕ್ಕೆ ಗಂಟುಮೂಟೆ ಕಟ್ಟಿದರು. ಕೀವ್ ವಿಶ್ವವಿದ್ಯಾಲಯದವರೊಡನೆ ಸೇರಿ ಅಲ್ಲಿಯೇ ತರಗತಿ ನಡೆಸಿದರು. ಲೇಖಕ ಗೋರ್ಕಿಯ ಹೆಸರು ಹೊತ್ತಿದ್ದ ವಿದ್ಯಾಲಯಕ್ಕೆ ಕರಾಜಿನ್ ಹೆಸರು ಬಂದದ್ದು 1999ರಲ್ಲಿ.

2022ರ ಮಾರ್ಚ್ 2ರಂದು ಕ್ಷಿಪಣಿ ಬಡಿದು ಅರ್ಥಶಾಸ್ತ್ರ ವಿಭಾಗದ ಕಟ್ಟಡ ಹೊತ್ತಿ ಉರಿಯಿತು. ಹಿಂದಿನ ದಿನವಷ್ಟೇ, ಮುಖ್ಯ ಭವನವಿರುವ ಸ್ವಾತಂತ್ರ್ಯ ಚೌಕದಲ್ಲಿ ಪ್ರಾಂತ್ಯದ ಆಡಳಿತ ಕಚೇರಿ ಕ್ಷಿಪಣಿಗೆ ತುತ್ತಾಗಿತ್ತು. ಪಾಠಗಳು ಆನ್‌ಲೈನಿಗೆ ಹೋದವು. 1907ರಲ್ಲಿ ಊರವರು ನಿಲ್ಲಿಸಿದ ಕರಾಜಿನ್ ಪ್ರತಿಮೆ ಹಲವು ಸಲ ಜಾಗ ಬದಲಿಸಿ ಕೊನೆಗೆ ಬಂದು ನಿಂತದ್ದು ಆ ಮುಖ್ಯ ಭವನದ ಮುಂದೆಯೇ.