ಲ್ಯಾಪ್‌ಟಾಪಿನ ಫ್ಯಾನು ಬುಸುಗುಟ್ಟಿದರೆ...

ಮಗನ ಓದಿಗೆಂದು ಕೊಂಡ ಹಳೆಯ ಲ್ಯಾಪ್‌ಟಾಪ್ ನಿಮ್ಮ ಮನೆಯಲ್ಲೂ ಇದೆಯಲ್ಲವೇ? ಅದನ್ನು ನಡೆಸುತ್ತಿದ್ದ ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅನೇಕ ಹಳೆಯ ಯಂತ್ರಗಳಿಗೆ ಒಗ್ಗದು. ಸರಿ, ಪುಕ್ಕಟೆ ಸಿಗುವ ಉಬುಂಟು ಹಾಕಿಸಿದಿರಿ. ಮಾರನೆಯ ದಿನವೇ ಫ್ಯಾನು ಕುಕ್ಕರಿನಂತೆ ಬುಸುಗುಟ್ಟಿತೇ? "ಅಯ್ಯೋ, ಇನ್ನು ಹೊಸದೇ ಗತಿ" ಎಂದು ದುಡುಕಬೇಡಿ.

ಫ್ಯಾನಿನ ಕೆಲಸ ಒಳಗಿನ ಬಿಸಿಯನ್ನು ಹೊರದೂಡುವುದು. ಬಿಸಿ ಮಿತಿಮೀರಿದರೆ ಪ್ರೊಸೆಸರು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಯಂತ್ರ ಮಂದವಾಗುತ್ತದೆ. ಆದ್ದರಿಂದ ಫ್ಯಾನನ್ನು ನಿಲ್ಲಿಸಲು ಹೋಗದೆ ಬಿಸಿಯನ್ನು ತಗ್ಗಿಸಿ.

ಮೊದಲ ದಿನ ಅಪ್‌ಡೇಟುಗಳ ಕೆಲಸ ಹೆಚ್ಚು, ಅದು ಮುಗಿಯಲಿ. ಆಮೇಲೂ ಸದ್ದಿದ್ದರೆ ಪರದೆಯ ಬಲ ಮೇಲ್ಮೂಲೆಯನ್ನು ಒತ್ತಿ, 'ಪವರ್ ಮೋಡ್' ನೋಡಿ. ಓದು ಬರಹಕ್ಕೆ 'ಬ್ಯಾಲೆನ್ಸ್ಡ್' ಸಾಕು. 'ಪವರ್ ಸೇವರ್' ಆದರೆ ಬಿಸಿ ಇನ್ನೂ ಕಡಿಮೆ, ವೇಗವೂ ತುಸು ಕಡಿಮೆ. ಬ್ರೌಸರಿನಲ್ಲಿ ಬೇಡದ ಪುಟಗಳನ್ನು ಮುಚ್ಚಿ. ಹಾಸಿಗೆಯ ಮೇಲಿಟ್ಟರೆ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಮೇಜಿನ ಮೇಲೋ ಮಣೆಯ ಮೇಲೋ ಇಡಿ. ಒಳಗಿನ ಧೂಳನ್ನು ರಿಪೇರಿಯವರಿಂದ ತೆಗೆಸಿ. ಕರಕರ ಸದ್ದು ಬಂದರೆ, ಬಿಸಿಯಾದರೂ ಫ್ಯಾನು ತಿರುಗದಿದ್ದರೆ, ಆಗ ಮಾತ್ರ ಫ್ಯಾನನ್ನೇ ಬದಲಿಸುವ ಮಾತು.

ಇನ್ನೂ ಉಬುಂಟು ಹಾಕಿಸಿಲ್ಲವೇ? ಒಳ್ಳೆಯದೇ ಆಯಿತು. ಫೋಟೋ, ಪಾಠಗಳನ್ನೆಲ್ಲ ಮೊದಲು ಬೇರೆ ಕಡೆ ನಕಲು ಮಾಡಿಡಿ. ಪೆನ್‌ಡ್ರೈವಿನಿಂದಲೇ ಉಬುಂಟು ನಡೆಸಿ ನೋಡಬಹುದು. ಅರ್ಧ ಗಂಟೆ ಬಳಸಿ, ವೈಫೈ, ಧ್ವನಿ, ಫ್ಯಾನು ಮೂರೂ ಸರಿಯೆನಿಸಿದರೆ ಹಾಕಿಸಿ. ಹೊಸ ಲ್ಯಾಪ್‌ಟಾಪಿನ ದುಡ್ಡು ಮಗನ ಫೀಸಿಗಾದರೂ ಉಳಿದೀತು!