ರಕ್ತಕ್ಕೆ ಬಣ್ಣ ಹಚ್ಚಿದ ಕಥೆ

ಚಳಿಜ್ವರವೆಂದು ಆಸ್ಪತ್ರೆಗೆ ಹೋದರೆ ಬೆರಳ ತುದಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತ ತೆಗೆಯುತ್ತಾರೆ. ಅದನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹಾಕುತ್ತಾರೆ. ಮೊದಲೇ ಕೆಂಪಾಗಿರುವ ರಕ್ತಕ್ಕೆ ಮತ್ತೇಕೆ ಬಣ್ಣ?

ಅಷ್ಟು ತೆಳ್ಳಗೆ ಹರಡಿದಾಗ ರಕ್ತದ ಕೆಂಪು ಮಾಯವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವುದು ಪೇಲವ ಹಳದಿ ಬಿಲ್ಲೆಗಳಷ್ಟೇ. ಕೆಂಪು ಕಣಗಳನ್ನು 17ನೇ ಶತಮಾನದಲ್ಲಿಯೇ ಹಾಲೆಂಡಿನ ಲೇವೆನ್‌ಹುಕ್ ಕಂಡಿದ್ದ. ಬಿಳಿ ಕಣಗಳ ಬಗೆಗಳನ್ನು ಸ್ಪಷ್ಟವಾಗಿ ವಿಂಗಡಿಸಲು ಮಾತ್ರ ಬಟ್ಟೆಗೆ ಬಣ್ಣ ಕಟ್ಟುವ ಕಾರ್ಖಾನೆಗಳೇ ಹುಟ್ಟಬೇಕಾಯಿತು! ಜರ್ಮನಿಯ ಪಾಲ್ ಎರ್ಲಿಕ್ 1879ರ ಸುಮಾರಿಗೆ ಆ ಕೃತಕ ಬಣ್ಣಗಳನ್ನು ರಕ್ತಕ್ಕೆ ಹಾಕಿ ನೋಡಿದ. 1891ರಲ್ಲಿ ರಷ್ಯದ ರೊಮನೋವ್‌ಸ್ಕಿ ಕೆಂಪು ಇಯೋಸಿನ್ ಮತ್ತು ನೀಲಿ ಮಿಥಿಲೀನ್ ಬೆರೆಸಿ ಮಲೇರಿಯಾ ಪರೋಪಜೀವಿಗೆ ಬಣ್ಣ ಹಿಡಿಸಿದ. ಭಾರತದಲ್ಲಿ ಸೇವೆ ಸಲ್ಲಿಸಿದ್ದ ಬ್ರಿಟಿಷ್ ಸೇನಾ ವೈದ್ಯ ವಿಲಿಯಂ ಲೀಶ್‌ಮನ್ 1901ರಲ್ಲಿ ಇದನ್ನು ಸುಲಭಗೊಳಿಸಿದ. ನಮ್ಮ ಅನೇಕ ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಆತನ ಹೆಸರಿನ ಬಣ್ಣವೇ. ಕಲ್ಕತ್ತೆಯ ಡಂಡಂನಲ್ಲಿ ಜ್ವರ ಹತ್ತಿ ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ಕಾಲಾ ಅಜಾರ್ ರೋಗಾಣುವನ್ನು ಕಂಡವನೂ ಆತನೇ. ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಕೂಡ ಅದನ್ನೇ ಕಂಡ. 1903ರಲ್ಲಿ ಇಬ್ಬರ ಹೆಸರೂ ಸೇರಿ ಅದು ‘ಲೀಶ್ಮೇನಿಯಾ ಡೊನೊವಾನಿ’ ಆಯಿತು.

ರಕ್ತವೂ ಒಂದು ಅಂಗಾಂಶವೇ. ಮೂಳೆಯಲ್ಲಿ ಜೀವಕೋಶಗಳ ನಡುವೆ ಗಟ್ಟಿ ವಸ್ತುವಿದ್ದರೆ ಇಲ್ಲಿ ಪ್ಲಾಸ್ಮಾ ಎಂಬ ದ್ರವವಿದೆ. ಬಣ್ಣ ಹಾಕಿದ ಸ್ಲೈಡಿನಲ್ಲಿ ಗುರುತು ಹಿಡಿಯುವುದು ಕಷ್ಟವಲ್ಲ. ನಡುವೆ ತೆಳುವಾದ, ದುಂಡನೆಯ ಗುಲಾಬಿ ಬಿಲ್ಲೆಗಳೇ ಕೆಂಪು ಕಣಗಳು. ಆರೋಗ್ಯವಂತ ವಯಸ್ಕರಲ್ಲಿ ಇವಕ್ಕೆ ಕೋಶಕೇಂದ್ರವಿರದು. ಅಂಡಾಕಾರದ ಕೆಂಪು ಕಣಗಳಲ್ಲೆಲ್ಲ ಕೇಂದ್ರ ಕಂಡರೆ ಆ ರಕ್ತ ಕೋಳಿಯದೋ ಕಪ್ಪೆಯದೋ ಇರಬೇಕು. ಅಲ್ಲೊಂದು ಇಲ್ಲೊಂದು ಬಿಳಿ ಕಣ. ನೇರಳೆ ಕೇಂದ್ರ ಎರಡರಿಂದ ಐದು ಹಾಲೆಗಳಾಗಿದ್ದರೆ ನ್ಯೂಟ್ರೋಫಿಲ್. ಕೇಂದ್ರವೇ ಕಣವನ್ನೆಲ್ಲ ತುಂಬಿದ್ದರೆ ಲಿಂಫೋಸೈಟ್. ಇಟ್ಟಿಗೆ ಬಣ್ಣದ ಹರಳುಗಳಿದ್ದರೆ ಇಯೋಸಿನೋಫಿಲ್. ಅಲರ್ಜಿ ಅಥವಾ ಜಂತುಹುಳುವಿನ ತೊಂದರೆಯಲ್ಲಿ ಹೆಚ್ಚುವುದು ಇದು.

ಕೆಂಪು ಕಣದೊಳಗೆ ಪುಟ್ಟ ಉಂಗುರ ಕಂಡರೆ ಮಲೇರಿಯಾ. ಆದರೆ ಯಾವ ಮಲೇರಿಯಾ? ವೈವ್ಯಾಕ್ಸ್ ಹೊಕ್ಕ ಕಣ ಉಬ್ಬಿರುತ್ತದೆ. ಫಾಲ್ಸಿಪೇರಂ ಹೊಕ್ಕಾಗ ಉಬ್ಬುವುದಿಲ್ಲ; ಕೆಲವೊಮ್ಮೆ ಬಾಳೆಹಣ್ಣಿನಂತೆ ಬಾಗಿದ ರೂಪವೂ ಸಿಗುತ್ತದೆ. ಇಲ್ಲಿ ತಪ್ಪಿದರೆ ಔಷಧವೇ ತಪ್ಪೀತು. ವೈವ್ಯಾಕ್ಸ್ ಯಕೃತ್ತಿನಲ್ಲಿ ಅಡಗಿ ಮರುಕಳಿಸುತ್ತದೆ, ಫಾಲ್ಸಿಪೇರಂ ಮಿದುಳಿಗೇರಿ ಕೊಲ್ಲಬಲ್ಲದು.

ಈಗ ಕಣಗಳನ್ನು ಯಂತ್ರಗಳು ನಿಮಿಷದಲ್ಲಿ ಎಣಿಸುತ್ತವೆ. ಆದರೂ ಲೆಕ್ಕ ಅನುಮಾನಕ್ಕೆಡೆಯಾದಾಗ, ರಕ್ತದ ಕ್ಯಾನ್ಸರಿನ ಶಂಕೆ ಬಂದಾಗ, ಸ್ಲೈಡಿಗೆ ಒಂದು ಹನಿ ಎಣ್ಣೆ ಬಿಟ್ಟು ಕಣ್ಣಿಟ್ಟು ನೋಡುವವರು ಇದ್ದೇ ಇರುತ್ತಾರೆ.