ಯಂತ್ರ ಬರೆದ ಸುದ್ದಿಗೆ ತಪ್ಪು ಎಲ್ಲಿಂದ ಬರುತ್ತದೆ?

2014ರ ಮಾರ್ಚ್ 17ರ ಬೆಳಿಗ್ಗೆ 6.25ಕ್ಕೆ ಅಮೆರಿಕದ ಲಾಸ್ ಏಂಜಲೀಸ್ ನಡುಗಿತು. ಅದರಿಂದ ಎಚ್ಚರಗೊಂಡ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಕರ್ತ ಕೆನ್ ಶ್ವೆಂಕಿ ಕಂಪ್ಯೂಟರ್ ಮುಂದೆ ಕೂರುವ ಹೊತ್ತಿಗೆ ಭೂಕಂಪದ ವರದಿ ಬರೆದು ಮುಗಿದಿತ್ತು. ಬರೆದದ್ದು ಅವರೇ ರೂಪಿಸಿದ್ದ ‘ಕ್ವೇಕ್‌ಬಾಟ್’ ಎಂಬ ಪುಟ್ಟ ಪ್ರೋಗ್ರಾಂ. ಅವರು ಓದಿ ನೋಡಿ ಗುಂಡಿ ಒತ್ತಿದರು. ಕಂಪನವಾಗಿ ಸುಮಾರು ಮೂರು ನಿಮಿಷದಲ್ಲಿ ಸುದ್ದಿ ಓದುಗರ ಕೈಯಲ್ಲಿತ್ತು.

ಇದರ ಕೆಲಸ ಸರಳ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂಕಂಪ ದಾಖಲಾದ ಕೂಡಲೇ ಇಮೇಲ್ ಕಳಿಸುತ್ತದೆ. ಪ್ರೋಗ್ರಾಂ ಅದರಿಂದ ತೀವ್ರತೆ, ಸ್ಥಳ, ಸಮಯ, ಆಳ ಇವುಗಳನ್ನು ಹೆಕ್ಕಿ, ಪತ್ರಕರ್ತರು ಮೊದಲೇ ಬರೆದಿಟ್ಟ ವಾಕ್ಯಗಳ ಖಾಲಿ ಜಾಗಕ್ಕೆ ಸೇರಿಸುತ್ತದೆ. ಬ್ಯಾಂಕಿನ ಚಲನ್ ತುಂಬಿದ ಹಾಗೆ. ಅಂದು ಮೊದಲು ಬಂದ ಅಂಕಿ 4.7, ವಿಜ್ಞಾನಿಗಳು ಆಮೇಲೆ ಅದನ್ನು 4.4ಕ್ಕೆ ಇಳಿಸಿದರು. ಯಂತ್ರ ತನಗೆ ಬಂದದ್ದನ್ನಷ್ಟೇ ಬರೆದಿತ್ತು.

ಅದೇ ವರ್ಷ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕಂಪನಿಗಳ ತ್ರೈಮಾಸಿಕ ಫಲಿತಾಂಶದ ವರದಿಗಳನ್ನು ಸಾಫ್ಟ್‌ವೇರ್‌ಗೆ ವಹಿಸಿತು. ವರದಿಗಾರರು ಕೈಯಾರೆ ಬರೆಯುತ್ತಿದ್ದಾಗ ಮೂರು ತಿಂಗಳಿಗೆ 300ರಷ್ಟಿದ್ದ ವರದಿಗಳು 3,000 ದಾಟಿದವು. ಲಾಭ-ನಷ್ಟದ ಪಟ್ಟಿ ನೋಡಿ ಒಂದೇ ಬಗೆಯ ನಾಲ್ಕು ಪ್ಯಾರಾ ಬರೆಯುವುದು ಯಾವ ವರದಿಗಾರರಿಗೂ ಪ್ರಿಯವಾದ ಕೆಲಸವಲ್ಲ. ಅದನ್ನು ಯಂತ್ರಕ್ಕೆ ಬಿಟ್ಟದ್ದು ಸರಿಯೇ ಎಂಬುದು ನನ್ನ ಅಭಿಪ್ರಾಯ.

ಆದರೆ 2015ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಒಂದು ಷೇರನ್ನು ಏಳಾಗಿ ಒಡೆಯಿತು. ಬೆಲೆಯೂ ಏಳನೇ ಒಂದು ಭಾಗಕ್ಕೆ ಇಳಿಯಿತು. ಷೇರುದಾರರಿಗೆ ಕಾಸಿನ ನಷ್ಟವೂ ಇಲ್ಲ. ಅಸೋಸಿಯೇಟೆಡ್ ಪ್ರೆಸ್ಸಿನ ಯಂತ್ರ ಹಳೆಯ ಬೆಲೆ, ಹೊಸ ಬೆಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ವರ್ಷಾರಂಭದಿಂದ ಷೇರು ಶೇ 71ರಷ್ಟು ಕುಸಿದಿದೆ ಎಂದು ಬರೆಯಿತು. ನಿಜವಾಗಿ ಅದು ಇಮ್ಮಡಿಗೂ ಹೆಚ್ಚಾಗಿತ್ತು. ಲೆಕ್ಕದಲ್ಲಿ ದೋಷವಿರಲಿಲ್ಲ, ಷೇರು ಒಡೆದ ಸಂಗತಿಯೇ ಯಂತ್ರದ ಲೆಕ್ಕಕ್ಕೆ ಬಂದಿರಲಿಲ್ಲ.

ಕ್ವೇಕ್‌ಬಾಟ್ ಕೂಡ ಎಡವಿತು. 2017ರ ಜೂನ್‌ನಲ್ಲಿ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಸಿಬ್ಬಂದಿ 1925ರ ಸಾಂಟಾ ಬಾರ್ಬರಾ ಭೂಕಂಪದ ಕೇಂದ್ರಬಿಂದುವನ್ನು ದತ್ತಾಂಶ ಕೋಶದಲ್ಲಿ ತಿದ್ದುತ್ತಿದ್ದರು. ಆ ತಿದ್ದುಪಡಿ ಹೊಸ ಭೂಕಂಪದ ಎಚ್ಚರಿಕೆಯಾಗಿ ಹೊರಬಿತ್ತು. ತೀವ್ರತೆ 6.8; ದಿನಾಂಕ 2025ರ ಜೂನ್ 29! ಎಂಟು ವರ್ಷ ಮುಂದಿನ ಭೂಕಂಪ ಸುದ್ದಿಯಾಗಿ ಪ್ರಕಟವೂ ಆಯಿತು. ಡೆಸ್ಕಿನಲ್ಲಿ ಯಾರಾದರೂ ಒಂದು ಸಾಲು ಓದಿದ್ದರೆ, ಸಾಂಟಾ ಬಾರ್ಬರಾಕ್ಕೆ ಒಂದು ಫೋನ್ ಮಾಡಿದ್ದರೆ, ಅದು ಅಲ್ಲೇ ನಿಲ್ಲುತ್ತಿತ್ತು.

ಇಷ್ಟಾದರೂ ಈ ತಪ್ಪುಗಳಿಗೆ ಒಂದು ಮೂಲವಿದೆ. ಯಾವ ಅಂಕಿ ಕೆಟ್ಟಿತು, ಯಾವ ಸೂಚನೆ ಬಿಟ್ಟುಹೋಯಿತು ಎಂದು ಹಿಂದಕ್ಕೆ ಹೋಗಿ ಹುಡುಕಬಹುದು, ತಿದ್ದಬಹುದು. ಈಗ ಬಂದಿರುವ ಭಾಷಾ ಮಾದರಿಗಳ ರೀತಿ ಬೇರೆ. ಅವು ಅಪಾರ ಬರಹವನ್ನು ಅರಗಿಸಿಕೊಂಡು, ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕಹಾಕುತ್ತ ವಾಕ್ಯ ಕಟ್ಟುತ್ತವೆ. ಕೊಟ್ಟ ಮಾಹಿತಿ ಸರಿಯಿದ್ದರೂ ಬರುವ ವಾಕ್ಯ ಸುಳ್ಳಾಗಬಹುದು, ಅದೂ ಬಲು ನಯವಾದ ಭಾಷೆಯಲ್ಲಿ. ಅಮೆರಿಕದ ‘ಸಿನೆಟ್’ (CNET) ಎಂಬ ತಂತ್ರಜ್ಞಾನ ಸುದ್ದಿಯ ಜಾಲತಾಣ ಹೀಗೆ ಬರೆಸಿದ 77 ಲೇಖನಗಳಲ್ಲಿ 41ಕ್ಕೆ 2023ರಲ್ಲಿ ತಿದ್ದುಪಡಿ ಹಾಕಬೇಕಾಯಿತು. ಒಂದರಲ್ಲಿ, 10,000 ಡಾಲರನ್ನು ಶೇ 3ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 10,300 ಡಾಲರ್ ಗಳಿಕೆ ಎಂದಿತ್ತು. ಬಡ್ಡಿ ಸಿಗುವುದು 300 ಡಾಲರ್ ಮಾತ್ರ. ಅಂಕಿಗಳೆಲ್ಲ ಸರಿ, ಅವನ್ನು ಜೋಡಿಸಿದ ವಾಕ್ಯ ತಪ್ಪು. ಇಂಥದ್ದನ್ನು ಹಿಡಿಯಲು ಪ್ರತಿ ಸಾಲನ್ನೂ ಅನುಮಾನದಿಂದ ಓದುವ ಉಪಸಂಪಾದಕರು ಬೇಕು. ಯಂತ್ರ ತಂದೆವೆಂದು ಡೆಸ್ಕಿನ ಜನರನ್ನೇ ಕಡಿಮೆ ಮಾಡುವ ಆಡಳಿತ ಮಂಡಳಿಗಳು ನನಗೆ ಭಯ ಹುಟ್ಟಿಸುತ್ತವೆ.

ಕನ್ನಡದಲ್ಲಿ ಪವರ್ ಟಿವಿ 2023ರಲ್ಲೇ ‘ಸೌಂದರ್ಯ’ ಎಂಬ ಕೃತಕ ವಾರ್ತಾವಾಚಕಿಯನ್ನು ತೆರೆಗೆ ತಂದಿತು. ಓದುವ ಮುಖಕ್ಕಿಂತ ಬರೆಯುವ ಕೈ ನನಗೆ ಮುಖ್ಯ. ಖಾಲಿ ಜಾಗ ತುಂಬುವ ಪ್ರೋಗ್ರಾಂಗೆ ಇಂಗ್ಲಿಷಿನಲ್ಲಿ ಊರಿನ ಹೆಸರು ಸೇರಿಸಿದರೆ ಸಾಕು. ಕನ್ನಡದಲ್ಲಿ ಮಂಗಳೂರಿನಲ್ಲಿ, ಕಲಬುರಗಿಯಲ್ಲಿ, ಧಾರವಾಡದಲ್ಲಿ ಎಂದು ಹೆಸರಿನ ಕೊನೆಯ ಅಕ್ಷರ ನೋಡಿ ಪ್ರತ್ಯಯ ಬದಲಾಗಬೇಕು. ಆ ನಿಯಮಗಳನ್ನು ಕಲಿಸಬಹುದು, ಕಲಿಸಲು ಯೋಗ್ಯವಾದ ಕೆಲಸವೂ ನಮ್ಮಲ್ಲಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಆ ಅಂಕಿಗಳಿಂದ ಪ್ರತಿ ಹೋಬಳಿಗೂ ಬೆಳಗಾಗುವ ಮೊದಲು ಮಳೆಯ ವರದಿ ಸಿದ್ಧವಾಗಬಹುದು. ಅಷ್ಟೊಂದು ಊರುಗಳ ಮಳೆಯನ್ನು ಯಾವ ಪತ್ರಿಕೆಯ ಸಿಬ್ಬಂದಿಯೂ ಬರೆದು ಮುಗಿಸಲಾರರು. ಆದರೆ ಸುತ್ತಲ ಊರುಗಳಲ್ಲೆಲ್ಲ ಭಾರಿ ಮಳೆಯಾಗಿ ನಡುವಿನ ಒಂದೇ ಊರಿನಲ್ಲಿ ಸೊನ್ನೆ ಬಂದರೆ, ಪ್ರೋಗ್ರಾಂ ಆ ವರದಿಯನ್ನು ತಡೆಹಿಡಿದು ಅಲ್ಲಿನ ಅರೆಕಾಲಿಕ ವರದಿಗಾರರ ಫೋನಿಗೆ ಸಂದೇಶ ಕಳಿಸುವಂತೆ ಬರೆದಿರಬೇಕು. ಮಾಪಕದ ಬಾಯಿಗೆ ಎಲೆ ಕಟ್ಟಿಕೊಂಡಿದೆಯೇ ಎಂದು ಹೋಗಿ ನೋಡುವವರು ಅವರೇ.